ಪ್ರಶ್ನೋತ್ತರ: ಹಾಲು ಹಾಕುವವರ ಮತ, ಚೆಂಡು ಒದೆಯುವವರ ಮತ

ಮಹಿಳಾ ಫುಟ್‌ಬಾಲ್ ಕುರಿತು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಇಷ್ಟೊಂದು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಅದರಲ್ಲೂ ಹೆಚ್ಚಿನವರು ಗೋಲುಗಳ ಬಗ್ಗೆ ಕೇಳದೆ ಕುರ್ಚಿಗಳ ಬಗ್ಗೆ ಕೇಳಿದ್ದಾರೆ. ಕೆಲವರು ಹೆಸರು ಬೇಡವೆಂದು ಕೋರಿರುವುದರಿಂದ ಎಲ್ಲರ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: 2023ರ ಆಗಸ್ಟ್ 20ರಂದು ವಿಶ್ವಕಪ್ ಫೈನಲ್ ನಡೆದಾಗ ನಾನು ಹಬ್ಬಕ್ಕೆಂದು ಹಾಸ್ಟೆಲ್‌ನಿಂದ ಊರಿಗೆ ಬಂದಿದ್ದೆ. ಮರುದಿನ ನಾಗರಪಂಚಮಿ. ಅಜ್ಜಿ ಚಿಗಳಿಗೆ ಎಳ್ಳು, ಬೆಲ್ಲ ಕುಟ್ಟುತ್ತಿದ್ದರು. ನಾನು ಬೆಲ್ಲದ ಡಬ್ಬಿಗೆ ಮೊಬೈಲ್ ಒರಗಿಸಿಟ್ಟುಕೊಂಡು ಪಂದ್ಯ ನೋಡುತ್ತಿದ್ದೆ. ಪದಕ ಕೊಡುವಾಗ ಸ್ಪೇನ್‌ನ ಅಧ್ಯಕ್ಷರು ಆಟಗಾರ್ತಿಯ ತಲೆ ಹಿಡಿದು ತುಟಿಗೆ ಮುತ್ತಿಟ್ಟದ್ದನ್ನು ಕಂಡ ಅಜ್ಜಿ, ಕುಟ್ಟುವುದನ್ನು ನಿಲ್ಲಿಸಿ, ‘ಅವನು ಅವಳಿಗೆ ಏನಾಗಬೇಕು?’ ಎಂದು ಕೇಳಿದರು. ಚಿಕ್ಕಪ್ಪ ಮಾತ್ರ ಇಂದಿಗೂ ‘ಒಂದು ಮುತ್ತಿಗೆ ಇಷ್ಟು ರಾದ್ಧಾಂತವೇ’ ಎನ್ನುತ್ತಾರೆ. ಅವರಿಗೆ ಏನು ಹೇಳಲಿ?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಅಜ್ಜಿ ಕೇಳಿದ ಪ್ರಶ್ನೆಯನ್ನೇ ಚಿಕ್ಕಪ್ಪನವರ ಮುಂದಿಡಿ. ಲೂಯಿಸ್ ರುಬಿಯಾಲೆಸ್ ಅವರು ಜೆನ್ನಿ ಹೆರ್ಮೊಸೊ ಅವರಿಗೆ ಬಂಧುವಾಗಬೇಕಿರಲಿಲ್ಲ. ಸ್ಪೇನ್ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷರಾಗಿದ್ದರು, ಅಂದರೆ ಆಕೆಗೆ ರಾಷ್ಟ್ರೀಯ ತಂಡದ ಅಂಗಿ ಕೊಡುವ ವ್ಯವಸ್ಥೆಯ ಯಜಮಾನರಾಗಿದ್ದರು. ಆಕೆ ಅದೇ ರಾತ್ರಿ ಡ್ರೆಸ್ಸಿಂಗ್ ರೂಮಿನಲ್ಲಿ, ಸುತ್ತಲೂ ಕುಣಿದಾಟ ನಡೆದಿರುವಾಗಲೇ, ತನಗದು ಇಷ್ಟವಾಗಲಿಲ್ಲವೆಂದು ಹೇಳಿದ್ದರು. 2025ರ ಫೆಬ್ರುವರಿಯಲ್ಲಿ ಮ್ಯಾಡ್ರಿಡ್‌ನ ನ್ಯಾಯಾಲಯವು ಅದನ್ನು ಲೈಂಗಿಕ ದೌರ್ಜನ್ಯವೆಂದೇ ತೀರ್ಮಾನಿಸಿ ರುಬಿಯಾಲೆಸ್ ಅವರಿಗೆ 10,800 ಯೂರೊ ದಂಡ ವಿಧಿಸಿತು. ಘಟನೆಯ ನಂತರ ಆಕೆಯ ಮೇಲೆ ಒತ್ತಡ ಹೇರಿದರೆಂಬ ಇನ್ನೊಂದು ಆರೋಪದಿಂದ ಅವರನ್ನು ಬಿಡುಗಡೆ ಮಾಡಿತು. ಚಿಕ್ಕಪ್ಪನವರಿಗೆ ಎರಡನ್ನೂ ಹೇಳಿ. ಅರ್ಧ ತೀರ್ಪು ಹೇಳಿ ಗೆದ್ದ ವಾದ ಮುಂದಿನ ಹಬ್ಬದವರೆಗೂ ಬಾಳುವುದಿಲ್ಲ.

ಆದರೆ ರಾದ್ಧಾಂತ ಆ ವೇದಿಕೆಯ ಮೇಲೆ ಹುಟ್ಟಿದ್ದಲ್ಲ. ಸ್ಪೇನ್‌ನ ಮಹಿಳಾ ತಂಡಕ್ಕೆ ಇಗ್ನಾಸಿಯೊ ಕೆರೆದಾ ಎಂಬ ಒಬ್ಬರೇ ತರಬೇತುದಾರರು 1988ರಿಂದ 2015ರವರೆಗೆ, ಇಪ್ಪತ್ತೇಳು ವರ್ಷ, ಇದ್ದರು. 2015ರ ವಿಶ್ವಕಪ್ ಮುಗಿದ ಮೇಲೆ ತಂಡದ ಆಟಗಾರ್ತಿಯರೆಲ್ಲ ಬಹಿರಂಗವಾಗಿ ಬದಲಾವಣೆ ಕೇಳಿದ ನಂತರವೇ ಅವರು ಹೊರಟರು. ಅವರ ಜಾಗಕ್ಕೆ ಬಂದ ಹೊರ್ಹೆ ವಿಲ್ದಾ ಅವರ ಕಾಲದಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ, ಹದಿನೈದು ಮಂದಿ ಆಟಗಾರ್ತಿಯರು ಒಂದೇ ಒಕ್ಕಣೆಯ ಇ-ಮೇಲ್ ಕಳಿಸಿ, ಪರಿಸ್ಥಿತಿ ತಮ್ಮ ಮನಸ್ಸಿನ ಆರೋಗ್ಯವನ್ನು ಕೆಡಿಸುತ್ತಿರುವುದರಿಂದ ತಮ್ಮನ್ನು ತಂಡಕ್ಕೆ ಆರಿಸಬೇಡಿ ಎಂದು ಕೋರಿದರು. ಫೆಡರೇಷನ್ ತರಬೇತುದಾರರ ಪರ ನಿಂತಿತು. ಆ ಹದಿನೈದು ಮಂದಿಯಲ್ಲಿ ವಿಶ್ವಕಪ್‌ಗೆ ಹೋದವರು ಮೂವರೇ: ಐತಾನಾ ಬೊನ್ಮತಿ, ಮಾರಿಯೊನಾ ಕಾಲ್ದೆಂತೆ, ಓನಾ ಬಾತ್ಲೆ. ಹೀಗೆ ಅರ್ಧ ಮುರಿದ ತಂಡವೇ ಸಿಡ್ನಿಯಲ್ಲಿ ಇಂಗ್ಲೆಂಡನ್ನು 1–0ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದ ಓಲ್ಗಾ ಕಾರ್ಮೊನಾ ಅವರಿಗೆ ತಮ್ಮ ತಂದೆ ತೀರಿಕೊಂಡ ಸುದ್ದಿಯನ್ನು ತಿಳಿಸಿದ್ದು ಪಂದ್ಯ ಮುಗಿದ ಮೇಲೆ. ಆ ವಾರ ಪತ್ರಿಕೆಗಳ ಮೊದಲ ಪುಟ ಆಕೆಯದಾಗಬೇಕಿತ್ತು, ಆಗಲಿಲ್ಲ.

ಮುಂದಿನದು ವೇಗವಾಗಿ ನಡೆಯಿತು. ಆಗಸ್ಟ್ 25ರ ಮಹಾಸಭೆಯಲ್ಲಿ ರುಬಿಯಾಲೆಸ್ ‘ರಾಜೀನಾಮೆ ಕೊಡುವುದಿಲ್ಲ’ ಎಂದು ಮತ್ತೆ ಮತ್ತೆ ಕೂಗಿದಾಗ ಸಭಾಂಗಣ ಚಪ್ಪಾಳೆ ತಟ್ಟಿತು; ಚಪ್ಪಾಳೆ ತಟ್ಟಿದವರಲ್ಲಿ ಪುರುಷರ ತಂಡದ ತರಬೇತುದಾರರೂ, ವಿಲ್ದಾ ಅವರೂ ಇದ್ದರು. ಅದೇ ದಿನ 81 ಆಟಗಾರ್ತಿಯರು, ವಿಶ್ವಕಪ್ ಗೆದ್ದ 23 ಮಂದಿಯೂ ಸೇರಿ, ಈ ನಾಯಕತ್ವ ಇರುವವರೆಗೆ ದೇಶಕ್ಕಾಗಿ ಆಡುವುದಿಲ್ಲವೆಂದು ಸಹಿ ಹಾಕಿದರು. ಮರುದಿನ ಜಾಗತಿಕ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ರುಬಿಯಾಲೆಸ್ ಅವರನ್ನು ಅಮಾನತಿನಲ್ಲಿಟ್ಟಿತು. ಅವರ ತಾಯಿ ಮೋತ್ರಿಲ್ ಎಂಬ ಊರಿನ ಚರ್ಚಿನೊಳಗೆ ಸೇರಿಕೊಂಡು ಮಗನಿಗಾಗಿ ಉಪವಾಸ ಕುಳಿತರು. ತಾಯಿಯ ಸಂಕಟವನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಆದರೆ ಹದಿನೈದು ಹೆಣ್ಣುಮಕ್ಕಳು ಮನಸ್ಸು ಕುಗ್ಗಿ ಮನೆಯಲ್ಲಿ ಉಳಿದಾಗ ಅವರ ತಾಯಂದಿರ ಮುಂದೆ ಯಾವ ಕ್ಯಾಮೆರಾವೂ ಹೋಗಿ ನಿಂತಿರಲಿಲ್ಲ. ಸೆಪ್ಟೆಂಬರ್ 5ರಂದು ವಿಲ್ದಾ ಅವರನ್ನು ತೆಗೆದುಹಾಕಲಾಯಿತು, 10ರಂದು ರುಬಿಯಾಲೆಸ್ ರಾಜೀನಾಮೆ ಪ್ರಕಟಿಸಿದರು, ಅಕ್ಟೋಬರ್ 30ರಂದು ಫಿಫಾ ಅವರಿಗೆ ಮೂರು ವರ್ಷದ ನಿಷೇಧ ಹಾಕಿತು.

ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ರಾತ್ರಿ ಸಿಡ್ನಿಯದಲ್ಲ, ಸೆಪ್ಟೆಂಬರ್ 19ರದು. ವಲೆನ್ಸಿಯಾ ಬಳಿಯ ಒಲಿವಾ ಎಂಬಲ್ಲಿನ ಹೋಟೆಲಿನಲ್ಲಿ ಆಟಗಾರ್ತಿಯರು, ಫೆಡರೇಷನ್‌ನವರು ಮತ್ತು ಸರ್ಕಾರದ ಕ್ರೀಡಾ ಅಧಿಕಾರಿಗಳು ಬೆಳಗಿನ ಜಾವ ಐದರವರೆಗೆ ಕುಳಿತು ಮಾತನಾಡಿದರು. ಆ ಮಾತುಕತೆಯ ನಂತರ ಫೆಡರೇಷನ್‌ನ ಪ್ರಧಾನ ಕಾರ್ಯದರ್ಶಿ ಹುದ್ದೆ ಕಳೆದುಕೊಂಡರು, ಇಬ್ಬರು ಆಟಗಾರ್ತಿಯರು ಮನೆಗೆ ಮರಳಿದರು, ಉಳಿದವರು ಆಡಲು ಒಪ್ಪಿದರು. ಮೂರನೆಯ ದಿನ ಗೋಥೆನ್‌ಬರ್ಗ್‌ನಲ್ಲಿ ಸ್ವೀಡನ್ ವಿರುದ್ಧ 3–2ರಿಂದ ಗೆದ್ದರು. ಮುತ್ತಿನ ದೃಶ್ಯವನ್ನು ಜಗತ್ತು ನೂರು ಸಲ ನೋಡಿದೆ; ಐದು ಗಂಟೆಗೆ ಮುಗಿದ ಆ ಸಭೆಯ ಚಿತ್ರ ಯಾರ ಮನಸ್ಸಿನಲ್ಲೂ ಇಲ್ಲ.

ಪ್ರಶ್ನೆ: ನಾನು ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದವನು. 2022ರಲ್ಲಿ ಫಿಫಾ ನಮ್ಮ ದೇಶವನ್ನೇ ಅಮಾನತು ಮಾಡಿತಲ್ಲ, ಮೇಲಿನವರ ಜಗಳಕ್ಕೆ ಹೆಣ್ಣುಮಕ್ಕಳ ತಂಡವೊಂದು ವಿದೇಶದಲ್ಲಿ ಆಡಲಾಗದೆ ವಾಪಸಾಯಿತೆಂದು ಮೊಮ್ಮಗಳು ಹೇಳುತ್ತಾಳೆ. ಇದು ನಿಜವೇ? ಫುಟ್‌ಬಾಲ್ ಫೆಡರೇಷನ್‌ಗೆ ಮತ ಹಾಕುವವರು ಯಾರು?
– ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಮೊಮ್ಮಗಳು ಹೇಳಿದ್ದು ಅಕ್ಷರಶಃ ನಿಜ. ಭಾರತದ ಲೀಗ್ ಗೆದ್ದಿದ್ದ ಗೋಕುಲಂ ಕೇರಳ ತಂಡದ ಆಟಗಾರ್ತಿಯರು ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗಾಗಿ ಉಜ್ಬೇಕಿಸ್ತಾನಕ್ಕೆ ಬಂದಿಳಿಯುವ ಹೊತ್ತಿಗೆ ಅಮಾನತಿನ ಸುದ್ದಿ ಬಂತು. ತಾಷ್ಕೆಂಟ್‌ನ ಹೋಟೆಲಿನಲ್ಲಿ ಕೆಲವು ದಿನ ಕಾದು, ಪ್ರಧಾನಿಯವರಿಗೂ ಮನವಿ ಮಾಡಿ, ಒಂದೂ ಪಂದ್ಯ ಆಡದೆ ಅವರು ಹಿಂದಿರುಗಿದರು. ಅಮಾನತು ತೆರವಾದದ್ದು ಆಗಸ್ಟ್ 26ರಂದು. ಅಷ್ಟರಲ್ಲಿ ಅವರ ಪಂದ್ಯಾವಳಿ ಕೈತಪ್ಪಿತ್ತು.

ಮತದ ವಿಷಯಕ್ಕೆ ಬರೋಣ. ಸಂಘದ ಕಾರ್ಯದರ್ಶಿಯಾಗಿದ್ದ ತಮಗೆ ಇದನ್ನು ವಿವರಿಸುವುದು ಸುಲಭ. ತಮ್ಮ ಸಂಘದಲ್ಲಿ ಮತದಾರರ ಪಟ್ಟಿ ಸಿದ್ಧವಾಗುವಾಗ ಯಾರು ಎಷ್ಟು ದಿನ ಹಾಲು ಹಾಕಿದ್ದಾರೆಂದು ರಿಜಿಸ್ಟರ್ ತೆಗೆದು ನೋಡುತ್ತಾರೆ. ಹಸುವೇ ಇಲ್ಲದವನು ಚುನಾವಣೆಯ ಮುನ್ನಾದಿನ ಕ್ಯಾನ್ ಹಿಡಿದು ಬಂದರೆ ಜನ ನಗುತ್ತಾರೆ. ಫುಟ್‌ಬಾಲ್‌ನಲ್ಲಿ ಲೆಕ್ಕ ತಿರುಗುಮುರುಗು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷರನ್ನು 2022ರ ಚುನಾವಣೆಯವರೆಗೂ ಆರಿಸುತ್ತಿದ್ದದ್ದು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ಆಡುವವರು, ಆಡಿ ನಿವೃತ್ತರಾದವರು, ಆಟಗಾರರೆಂಬ ಕಾರಣಕ್ಕೆ ಮತದಾರರಾಗಿರಲಿಲ್ಲ.

ಇದನ್ನು ಬದಲಿಸಲು ಒಂದು ಪ್ರಯತ್ನ ನಡೆಯಿತು. ಪ್ರಫುಲ್ ಪಟೇಲ್ ಅವರು 2009ರಿಂದ ಅಧ್ಯಕ್ಷರಾಗಿದ್ದು, ಅವಧಿ ಮುಗಿದರೂ ಚುನಾವಣೆ ನಡೆಯದಿದ್ದಾಗ, ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಆಡಳಿತಗಾರರ ಸಮಿತಿಯೊಂದನ್ನು ನೇಮಿಸಿತು. ಆಗಸ್ಟ್ 3ರಂದು ಕೋರ್ಟ್ ಒಪ್ಪಿದ ವ್ಯವಸ್ಥೆಯಲ್ಲಿ ರಾಜ್ಯಗಳಿಗೆ 36 ಮತ, ಹೆಸರಾಂತ ಮಾಜಿ ಆಟಗಾರರಿಗೂ 36 ಮತ ಇತ್ತು. ಆ 36 ಮಂದಿಯಲ್ಲಿ 12 ಮಂದಿ ಮಹಿಳೆಯರು. ಫಿಫಾ ಇದನ್ನು ಒಪ್ಪಲಿಲ್ಲ. ಸದಸ್ಯ ಸಂಸ್ಥೆಗಳ ಆಡಳಿತದಲ್ಲಿ ಹೊರಗಿನವರು ಕೈಹಾಕಬಾರದೆಂಬುದು ಫಿಫಾದ ನಿಯಮ; ಹೊರಗಿನವರು ಎಂದರೆ ಸರ್ಕಾರವೂ ಆಗಬಹುದು, ಕೋರ್ಟ್ ನೇಮಿಸಿದ ಸಮಿತಿಯೂ ಆಗಬಹುದು. ಅಮಾನತು ಬಿತ್ತು. ಅಕ್ಟೋಬರ್‌ನಲ್ಲಿ ನಮ್ಮಲ್ಲೇ ನಡೆಯಬೇಕಿದ್ದ 17 ವರ್ಷದೊಳಗಿನ ಹೆಣ್ಣುಮಕ್ಕಳ ವಿಶ್ವಕಪ್ ಕೈತಪ್ಪುವ ಭಯ ಹುಟ್ಟಿತು. ಆಗಸ್ಟ್ 22ರಂದು ಕೋರ್ಟ್ ಸಮಿತಿಯನ್ನು ಕೊನೆಗೊಳಿಸಿ ಮತದ ಹಕ್ಕನ್ನು ರಾಜ್ಯ ಸಂಸ್ಥೆಗಳಿಗಷ್ಟೇ ಉಳಿಸಿತು. ಸೆಪ್ಟೆಂಬರ್ 2ರಂದು ಕಲ್ಯಾಣ್ ಚೌಬೆ ಅವರು, ದೇಶದ ನಾಯಕರಾಗಿ ಅಷ್ಟು ವರ್ಷ ಆಡಿದ ಬೈಚುಂಗ್ ಭುಟಿಯಾ ಅವರನ್ನು 33–1ರಿಂದ ಸೋಲಿಸಿದರು. ನಮ್ಮ ರಾಜ್ಯ ಸಂಸ್ಥೆಯ ಅಧ್ಯಕ್ಷರಾದ ಎನ್‌.ಎ. ಹ್ಯಾರಿಸ್ ಅವರು ಉಪಾಧ್ಯಕ್ಷರಾದರು. ಚೌಬೆ ಅವರೂ ಗೋಲ್‌ಕೀಪರ್ ಆಗಿದ್ದವರು, ಆ ಮಾತನ್ನು ಮರೆಯಬಾರದು. ನನ್ನ ಆಕ್ಷೇಪ ಗೆದ್ದವರ ಮೇಲಲ್ಲ, ಮತದಾರರ ಪಟ್ಟಿಯ ಮೇಲೆ.

ಕಾರ್ಯಕಾರಿ ಸಮಿತಿಗೆ ಆರು ಮಂದಿ ಮಾಜಿ ಆಟಗಾರರನ್ನು ಸೇರಿಸಿಕೊಂಡರು. ಅವರಲ್ಲಿ ತೋಂಗಮ್ ತಬಾಬಿ ದೇವಿ ಮತ್ತು ಪಿಂಕಿ ಬೊಂಪಾಲ್ ಮಗರ್ ಮಹಿಳೆಯರು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಫೆಡರೇಷನ್‌ನ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಾಗ ಮಾಜಿ ಆಟಗಾರರ ಪ್ರಾತಿನಿಧ್ಯಕ್ಕೆ ಅದರಲ್ಲಿ ಜಾಗ ಸಿಕ್ಕಿದೆ. ಆದರೆ ಹಾಲು ಹಾಕಿದವರಿಗೆಲ್ಲ ಮತ ಇರುವುದಕ್ಕೂ, ಹಾಲು ಹಾಕಿದ ಕೆಲವರನ್ನು ಕರೆದು ಮಣೆ ಹಾಕುವುದಕ್ಕೂ ಇರುವ ವ್ಯತ್ಯಾಸವನ್ನು ತಮಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ತೋಟದಲ್ಲಿ ರೈಟರ್ ಕೆಲಸ ಮಾಡುತ್ತೇನೆ; ಅಮೆರಿಕದ ಮಹಿಳಾ ಲೀಗ್‌ನ ಪಂದ್ಯಗಳನ್ನು ಬಿಡದೆ ನೋಡುತ್ತೇನೆ. ಅಲ್ಲಿಯ ಹಗರಣಗಳ ಬಗ್ಗೆ ಓದಿದ ಮೇಲೆ ನೋಡುವುದನ್ನೇ ನಿಲ್ಲಿಸಬೇಕೇ ಎಂಬ ಗೊಂದಲ. ಆಡಳಿತ ಕೆಟ್ಟಿರುವಾಗ ಅಭಿಮಾನಿ ಏನು ಮಾಡಬೇಕು?
– ಸಕಲೇಶಪುರ

ಉತ್ತರ: ನೋಡುವುದನ್ನು ನಿಲ್ಲಿಸಿದರೆ ಮೊದಲು ಬಡವಾಗುವವರು ಆಟಗಾರ್ತಿಯರು. ಪೋರ್ಟ್‌ಲ್ಯಾಂಡ್ ಊರಿನ ಥಾರ್ನ್ಸ್ ತಂಡದ ಅಭಿಮಾನಿಗಳು ಇದಕ್ಕೆ ಜಾಣತನದ ದಾರಿಯೊಂದನ್ನು ಹುಡುಕಿದ್ದರು.

ಪಾಲ್ ರೈಲಿ ಎಂಬ ತರಬೇತುದಾರರು 2014 ಮತ್ತು 2015ರಲ್ಲಿ ಆ ತಂಡದಲ್ಲಿದ್ದರು. ಆಟಗಾರ್ತಿ ಮಾನಾ ಶಿಮ್ ಕೊಟ್ಟ ಲೈಂಗಿಕ ಕಿರುಕುಳದ ದೂರಿನ ನಂತರ ಕ್ಲಬ್ ಅವರನ್ನು ಮುಂದುವರಿಸಲಿಲ್ಲ. ಆದರೆ ಕಾರಣವನ್ನು ಜನರಿಗೆ ಹೇಳಲಿಲ್ಲ. ಅವರು ಅದೇ ಲೀಗ್‌ನ ಬೇರೆ ತಂಡಕ್ಕೆ ತರಬೇತುದಾರರಾದರು, ಪ್ರಶಸ್ತಿಗಳನ್ನೂ ಗೆದ್ದರು. 2021ರ ಸೆಪ್ಟೆಂಬರ್ 30ರಂದು ಶಿಮ್ ಮತ್ತು ಇನ್ನೊಬ್ಬ ಆಟಗಾರ್ತಿ ಸಿನೇಡ್ ಫ್ಯಾರೆಲಿ ಹೆಸರು ಸಹಿತ ಪತ್ರಿಕೆಯ ಮುಂದೆ ಮಾತನಾಡಿದ ದಿನವೇ ರೈಲಿ ಅವರ ಕೆಲಸ ಹೋಯಿತು. ಅವರು ಆರೋಪಗಳನ್ನು ಅಲ್ಲಗಳೆದಿದ್ದರು. ವಾರ ಕಳೆಯುವುದರೊಳಗೆ, ಅಕ್ಟೋಬರ್ 6ರಂದು, ಪಂದ್ಯಗಳ ಆರನೆಯ ನಿಮಿಷದಲ್ಲಿ ಆಟಗಾರ್ತಿಯರು ಚೆಂಡನ್ನು ಬಿಟ್ಟು ಮೈದಾನದ ನಡುವೆ ತೋಳಿಗೆ ತೋಳು ಬೆಸೆದು ನಿಂತರು. ಆರು ನಿಮಿಷ ಏಕೆಂದರೆ ತಮ್ಮ ಗೆಳತಿಯರ ಮಾತನ್ನು ಕೇಳಿಸಿಕೊಳ್ಳಲು ಲೀಗ್‌ಗೆ ಆರು ವರ್ಷ ಹಿಡಿಯಿತು.

ಪೋರ್ಟ್‌ಲ್ಯಾಂಡ್‌ನ ಅಭಿಮಾನಿಗಳ ಮುಂದೆ ನಿಮ್ಮದೇ ಗೊಂದಲವಿತ್ತು. ಅವರು ಮೈದಾನಕ್ಕೆ ಬರುವುದನ್ನು ಬಿಡಲಿಲ್ಲ. ಆದರೆ ಒಳಗಿನ ಅಂಗಡಿಗಳಲ್ಲಿ ತಿಂಡಿ, ಪಾನೀಯ ಕೊಳ್ಳಬೇಡಿ ಎಂದು ಕರೆ ಕೊಟ್ಟರು. ಕೂಗು ಆಟಗಾರ್ತಿಯರಿಗೆ ಮುಟ್ಟಬೇಕು, ದುಡ್ಡು ಮಾಲೀಕರಿಗೆ ಮುಟ್ಟಬಾರದು, ಅಷ್ಟೇ ಲೆಕ್ಕ. 2022ರ ಅಕ್ಟೋಬರ್‌ನಲ್ಲಿ ಸ್ಯಾಲಿ ಯೇಟ್ಸ್ ಅವರ ತನಿಖಾ ವರದಿ ಬಂದು, ದೌರ್ಜನ್ಯ ಒಂದು ತಂಡದ ಕಥೆಯಲ್ಲ, ಲೀಗ್‌ನ ಉದ್ದಗಲಕ್ಕೂ ಹಬ್ಬಿದ್ದು ಎಂದಾಗ, ಮಾಲೀಕ ಮೆರಿಟ್ ಪಾಲ್ಸನ್ ಮುಖ್ಯಸ್ಥನ ಹುದ್ದೆ ಬಿಟ್ಟರು. 2024ರ ಜನವರಿಯಲ್ಲಿ ತಂಡ 6.3 ಕೋಟಿ ಡಾಲರ್‌ಗೆ ಬೇರೆಯವರ ಪಾಲಾಯಿತು. ಅಭಿಮಾನಿಗಳ ಒತ್ತಾಯದಿಂದಲೇ ಇದೆಲ್ಲ ಆಯಿತೆಂದು ನಾನು ಹೇಳಲಾರೆ. ಅಂಥ ಒತ್ತಾಯವಿಲ್ಲದೆ ಇಷ್ಟು ಬೇಗ ಆಗುತ್ತಿತ್ತೆಂದೂ ನಂಬಲಾರೆ.

ಸಕಲೇಶಪುರದಲ್ಲಿ ಕುಳಿತು ಅಲ್ಲಿಯ ಪಾಪ್‌ಕಾರ್ನ್ ಬಿಡುವುದು ನಿಮ್ಮಿಂದ ಆಗದ ಮಾತು. ನೀವು ನೋಡುತ್ತಿರಿ, ಆದರೆ ತಂಡ ಗೆದ್ದಾಗ ಮಾಲೀಕರಿಗೆ ಜೈಕಾರ ಹಾಕುವ ಚಟವಿದ್ದರೆ ಅದನ್ನು ಬಿಡಿ.

ಪ್ರಶ್ನೆ: ಮಗಳಿಗೆ ಹದಿನೈದು ವರ್ಷ, ಫುಟ್‌ಬಾಲ್ ಶಿಬಿರಕ್ಕೆ ಆಯ್ಕೆಯಾಗಿದ್ದಾಳೆ. ಮೂರು ವಾರ ಹೊರಗೆ ಉಳಿಯಬೇಕು. ನೀವೆಲ್ಲ ಬರೆಯುವುದನ್ನು ಓದಿದರೆ ಕಳಿಸಲು ಭಯವಾಗುತ್ತದೆ, ಕಳಿಸದಿದ್ದರೆ ಅವಳು ಊಟ ಬಿಡುತ್ತಾಳೆ.
– ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ಕಳಿಸಿ, ಆದರೆ ಕೇಳಬೇಕಾದ್ದನ್ನು ಕೇಳಿಯೇ ಕಳಿಸಿ. ಭಯ ನಿರಾಧಾರವೆಂದು ನಾನು ಹೇಳುವುದಿಲ್ಲ. 2022ರಲ್ಲಿ ನಮ್ಮ 17 ವರ್ಷದೊಳಗಿನ ಹುಡುಗಿಯರ ತಂಡ ಯುರೋಪ್ ಪ್ರವಾಸದಲ್ಲಿದ್ದಾಗ ಅನುಚಿತ ವರ್ತನೆಯ ದೂರಿನ ಮೇಲೆ ಸಹಾಯಕ ತರಬೇತುದಾರರೊಬ್ಬರನ್ನು ನಡುವೆಯೇ ಹಿಂದಕ್ಕೆ ಕರೆಸಿ ವಜಾ ಮಾಡಬೇಕಾಯಿತು. 2024ರ ಮಾರ್ಚ್‌ನಲ್ಲಿ ಗೋವಾದಲ್ಲಿ, ರಾತ್ರಿ ಕೋಣೆಯಲ್ಲಿ ಮೊಟ್ಟೆ ಬೇಯಿಸಿಕೊಂಡದ್ದಕ್ಕೆ ಫೆಡರೇಷನ್‌ನ ಪದಾಧಿಕಾರಿಯೇ ನುಗ್ಗಿ ಹೊಡೆದರೆಂದು ಹಿಮಾಚಲದ ಇಬ್ಬರು ಆಟಗಾರ್ತಿಯರು ದೂರಿದರು. ಫೆಡರೇಷನ್ ಆ ಪದಾಧಿಕಾರಿಯನ್ನು ಅಮಾನತು ಮಾಡಿತು. ಎರಡರಲ್ಲೂ ಹುಡುಗಿಯರು ಬಾಯಿ ಬಿಟ್ಟು ಹೇಳಿದ್ದರಿಂದ ಕ್ರಮವಾಯಿತು.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲಿ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ತರಬೇತಿ ನಡೆಯುವ ಜಾಗ, ಅಲ್ಲಿ ವಾಸವಿರಲಿ ಇಲ್ಲದಿರಲಿ, ಎಲ್ಲವೂ ಕೆಲಸದ ಸ್ಥಳವೆಂದೇ ಸ್ಪಷ್ಟವಾಗಿ ಬರೆದಿದೆ. ಹತ್ತು ಮಂದಿಗಿಂತ ಕಡಿಮೆಯಿಲ್ಲದ ಸಿಬ್ಬಂದಿಯಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಮಹಿಳೆಯೇ ಆಗಿರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಿಮ್ಮ ಮಗಳು ಹದಿನೆಂಟು ತುಂಬದವಳಾದ್ದರಿಂದ 2012ರ ಪೋಕ್ಸೊ ಕಾಯ್ದೆಯೂ ಅವಳ ಬೆನ್ನಿಗಿದೆ: ಅಪರಾಧದ ಸುಳಿವು ಸಿಕ್ಕವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಅದೇ ಶಿಕ್ಷಾರ್ಹ. ‘ಸಂಸ್ಥೆಯ ಮರ್ಯಾದೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಹೊರಡುವ ಮುನ್ನ ಶಿಬಿರದವರಿಗೆ ಫೋನ್ ಮಾಡಿ, ಹುಡುಗಿಯರ ಜೊತೆ ಅದೇ ಕಟ್ಟಡದಲ್ಲಿ ರಾತ್ರಿ ಉಳಿಯುವ ಮಹಿಳಾ ಮ್ಯಾನೇಜರ್ ಯಾರು, ಸಮಿತಿಯ ಮುಖ್ಯಸ್ಥೆ ಯಾರು, ಮಕ್ಕಳ ಬಳಿ ಮೊಬೈಲ್ ಇರಲು ಬಿಡುತ್ತಾರೆಯೇ ಎಂದು ಕೇಳಿ. ಉತ್ತರಿಸಲು ತಡವರಿಸಿದರೆ ಆ ತಡವರಿಕೆಯೂ ಒಂದು ಉತ್ತರ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗಳಿಗೆ ಬಾಯಿಪಾಠ ಮಾಡಿಸಿ. ಊಟ ಬಿಡುವ ಹುಡುಗಿಗೆ ಒಂದು ಮಾತು: ಶಿಬಿರದಲ್ಲಿ ಊಟ ಬಿಟ್ಟರೆ ಓಡಲಾಗುವುದಿಲ್ಲ.

ಪ್ರಶ್ನೆ: ಅಧ್ಯಕ್ಷ ಸ್ಥಾನದಲ್ಲೂ ತರಬೇತುದಾರರ ಜಾಗದಲ್ಲೂ ಮಹಿಳೆಯರನ್ನೇ ಕೂರಿಸಿದರೆ ಇವೆಲ್ಲ ನಿಲ್ಲುತ್ತವೆಂದು ನಾನು, ಏನೂ ಬದಲಾಗುವುದಿಲ್ಲವೆಂದು ನನ್ನ ಗೆಳತಿ. ಸೋತವರು ಗೆದ್ದವರಿಗೆ ಮಸಾಲೆ ದೋಸೆ ಕೊಡಿಸಬೇಕು. ತೀರ್ಪು ಕೊಡಿ.
– ಮೂಡಿಗೆರೆ

ಉತ್ತರ: ನಿಮ್ಮ ಪಂಥದಲ್ಲಿ ನೀವು ಮುಕ್ಕಾಲು ಸೋತಿದ್ದೀರಿ. ಮೇಲೆ ಹೇಳಿದ ಅಮೆರಿಕದ ಲೀಗ್‌ನ ಮುಖ್ಯಸ್ಥರಾಗಿದ್ದ ಲೀಸಾ ಬೇರ್ಡ್ ಮಹಿಳೆಯೇ. ಹಗರಣ ಹೊರಬಿದ್ದ ಮರುದಿನ ಅವರು ಹುದ್ದೆ ಬಿಟ್ಟರು. ಫ್ರಾನ್ಸ್ ತಂಡದ ತರಬೇತುದಾರ್ತಿ ಕೊರಿನ್ ಡಿಯಾಕರ್ ಅವರೊಡನೆ ಆಟಗಾರ್ತಿಯರಿಗೆ ಎಷ್ಟು ಕೆಟ್ಟಿತ್ತೆಂದರೆ, ನಾಯಕಿ ವೆಂಡಿ ರೆನಾರ್ 2023ರ ಫೆಬ್ರುವರಿಯಲ್ಲಿ ತಾವು ವಿಶ್ವಕಪ್‌ಗೇ ಬರುವುದಿಲ್ಲವೆಂದರು. ಮಾರ್ಚ್‌ನಲ್ಲಿ ಡಿಯಾಕರ್ ಅವರನ್ನು ತೆಗೆದರು, ರೆನಾರ್ ಮರಳಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡ್‌ನ ಅಭ್ಯಾಸದ ಮೇಲೆ ಡ್ರೋನ್ ಹಾರಿಸಿದ ಪ್ರಕರಣದಲ್ಲಿ ಕೆನಡಾ ತಂಡಕ್ಕೆ ಆರು ಅಂಕ ಕಡಿತವಾಯಿತು, ತರಬೇತುದಾರ್ತಿ ಬೆವ್ ಪ್ರೀಸ್ಟ್‌ಮನ್ ಅವರಿಗೆ ಒಂದು ವರ್ಷದ ನಿಷೇಧ ಬಿತ್ತು. ಸ್ಪೇನ್‌ನಲ್ಲಿ ವಿಲ್ದಾ ಅವರ ಜಾಗಕ್ಕೆ ಬಂದ ಮೊದಲ ಮಹಿಳೆ ಮೊಂತ್ಸೆ ತೊಮೆ ಅವರು, ಆಡುವುದಿಲ್ಲವೆಂದು ಸಹಿ ಹಾಕಿದ್ದ ಆಟಗಾರ್ತಿಯರ ಹೆಸರುಗಳನ್ನೇ ತಂಡದ ಪಟ್ಟಿಯಲ್ಲಿ ಓದಿದ್ದರಿಂದಲೇ ಒಲಿವಾದ ಆ ರಾತ್ರಿ ಒದಗಿಬಂದದ್ದು.

ಉಳಿದ ಕಾಲು ಭಾಗ ನಿಮಗೆ ಬಿಟ್ಟಿದ್ದೇನೆ, ಅದಕ್ಕೆ ಕಾರಣ ನಾರ್ವೆಯ ಲೀಸೆ ಕ್ಲಾವೆನೆಸ್. ದೇಶಕ್ಕಾಗಿ ಎಪ್ಪತ್ತಕ್ಕೂ ಹೆಚ್ಚು ಪಂದ್ಯ ಆಡಿ, ವಕೀಲೆಯಾಗಿ, 2022ರ ಮಾರ್ಚ್‌ನಲ್ಲಿ ನಾರ್ವೆ ಫೆಡರೇಷನ್‌ನ ಮೊದಲ ಮಹಿಳಾ ಅಧ್ಯಕ್ಷೆಯಾದ ಅವರು, ಅದೇ ತಿಂಗಳ ಕೊನೆಗೆ ದೋಹಾದ ಫಿಫಾ ಸಮಾವೇಶದಲ್ಲಿ, ಆ ವರ್ಷದ ಪುರುಷರ ವಿಶ್ವಕಪ್‌ನ ಆತಿಥೇಯರಾದ ಕತಾರಿನವರ ಎದುರಿಗೇ ನಿಂತು ವಲಸೆ ಕಾರ್ಮಿಕರ ಸಾವುನೋವಿನ ಮಾತೆತ್ತಿದರು. ಆ ಧೈರ್ಯ ಹೆಣ್ಣಾಗಿದ್ದರಿಂದ ಬಂತೋ, ಆಟಗಾರ್ತಿಯಾಗಿದ್ದರಿಂದ ಬಂತೋ ನೀವಿಬ್ಬರೇ ಕೂತು ಜಗಳ ಮಾಡಿಕೊಳ್ಳಿ. ದೋಸೆಯ ಮುಕ್ಕಾಲು ಬಿಲ್ ನಿಮ್ಮದು.

ಪ್ರಶ್ನೆ: ನಮ್ಮೂರಿನ ವೇದಾ ಕೃಷ್ಣಮೂರ್ತಿ ಕ್ರಿಕೆಟ್ ಆಡಿದ್ದರಿಂದ ಇಡೀ ಕಡೂರು ಟಿ.ವಿ. ಮುಂದೆ ಕೂತಿತು. ಭಾರತದ ಮಹಿಳಾ ಫುಟ್‌ಬಾಲ್ ನೋಡಲು ಎಲ್ಲಿಂದ ಶುರುಮಾಡಲಿ?
– ಕಡೂರು

ಉತ್ತರ: 2025ರ ಜುಲೈ 5ರಿಂದ. ಅಂದು ಚಿಯಾಂಗ್ ಮಾಯ್‌ನಲ್ಲಿ ನಮ್ಮವರು ಥಾಯ್ಲೆಂಡನ್ನು ಅವರದೇ ಮೈದಾನದಲ್ಲಿ 2–1ರಿಂದ ಸೋಲಿಸಿ, ಅರ್ಹತಾ ಸುತ್ತು ಆಡಿ ಗೆದ್ದು ಮೊದಲ ಬಾರಿಗೆ ಏಷ್ಯಾ ಕಪ್‌ಗೆ ದಾರಿ ಮಾಡಿಕೊಂಡರು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್ ಅವರದು. ದೇಶದ ಲೀಗ್‌ನಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವಿದೆ. 2023ರಲ್ಲಿ ಫೈನಲ್‌ವರೆಗೆ ಹೋಗಿ ಗೋಕುಲಂ ಕೈಯಲ್ಲಿ 5–0ರಿಂದ ಸೋತಿತು. ಕಡೂರಿನಿಂದ ಬೆಂಗಳೂರಿಗೆ ರೈಲಿದೆ. ಒಂದು ಪಂದ್ಯಕ್ಕೆ ಹೋಗಿ ಬನ್ನಿ, ಕಂಡದ್ದನ್ನು ಬರೆದು ಕಳಿಸಿ.